ಅರ್ಧ ಆಂಪಿಯರ್

"ಹತ್ತು ಆಂಪಿಯರ್ ಫ್ಯೂಸ್ ಕೊಡಪ್ಪ. ಪದೇ ಪದೇ ಹಾರೋದು ಬೇಡ," ಎಂದರು ಮೇಷ್ಟ್ರು.

ಅಂಗಡಿಯವನ ಕೈ ಡಬ್ಬಿಯ ಮೇಲೇ ನಿಂತಿತು. ಇಪ್ಪತ್ತು ವರ್ಷದ ಹಿಂದೆ, ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿದ್ದಕ್ಕೆ ಇದೇ ಮೇಷ್ಟ್ರು ಅವನನ್ನು ಇಡೀ ತರಗತಿಯೆದುರು ನಿಲ್ಲಿಸಿ ನೀರಿಳಿಸಿದ್ದರು. ಅವನು ಮೇಷ್ಟ್ರ ಪಕ್ಕದಲ್ಲಿದ್ದ ಅವರ ಮಗಳ ಮುಖ ನೋಡಿದ.

ಹೋದ ವರ್ಷ ಕಾಯಿಲೆ ಬಿದ್ದು ಎದ್ದ ಮೇಲೆ ಅಪ್ಪನಿಗೆ ಮರೆವು ಹತ್ತಿತ್ತು. ಕೈಗೊಂದು ಕೆಲಸವಿದ್ದರೆ ಚೇತರಿಸಿಕೊಂಡಾರೆಂದು, ಹಳೇ ರೇಡಿಯೊಗಳ ರಿಪೇರಿಗೆ ಬೇಕಾಗುವ ಹನ್ನೆರಡು ವೋಲ್ಟಿನ ಡಿ.ಸಿ. ಪವರ್ ಸಪ್ಲೈ ಒಂದನ್ನು ಮನೆಯಲ್ಲೇ ಮಾಡಲು ಮಗಳೇ ಹುರಿದುಂಬಿಸಿದ್ದಳು. ಚಿಕ್ಕಂದಿನಲ್ಲಿ ಅವಳು ಅವರ ಮೇಜಿನ ಹತ್ತಿರ ಸುಳಿದರೆ ಸಾಕು, "ನಿನಗ್ಯಾಕೆ ಇದೆಲ್ಲ? ಒಳಗೆ ಹೋಗು" ಎಂದು ಅಟ್ಟುತ್ತಿದ್ದರು. ಅವಳು ಬೇರೆಯವರ ಬಳಿ ಕಲಿತಳು. ಈಗ ಮೀಟರ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದ ಸರ್ವಿಸು.

"ಕೆಪಾಸಿಟರ್ ಇಪ್ಪತ್ತೈದು ವೋಲ್ಟಿಂದು ಸಾಕು. ಟ್ರಾನ್ಸ್‌ಫಾರ್ಮರ್ ಕೊಡೋದು ಹದಿನೆಂಟು ತಾನೇ?" ಎಂದರು ಮೇಷ್ಟ್ರು.

ಅಂಗಡಿಯವನು ಅವಳಿಗೆ ಕಣ್ಸನ್ನೆ ಮಾಡಿದ. ಸರಿಯಾದದ್ದನ್ನೇ ಕಟ್ಟಿಕೊಡ್ತೀನಿ, ಸುಮ್ಮನಿರಿ ಎಂಬಂತೆ. ಅವಳು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅಪ್ಪಾ, ಆ ಹದಿನೆಂಟು ಡಿ.ಸಿ. ಆದಾಗ ಇಪ್ಪತ್ತೈದು ದಾಟುತ್ತೆ. ಮೂವತ್ತೈದರದ್ದೇ ಬೇಕು, ಇಲ್ಲಾಂದ್ರೆ ಸಿಡಿಯುತ್ತೆ. ಫ್ಯೂಸು ಅರ್ಧ ಆಂಪಿಯರ್. ಹತ್ತು ಹಾಕಿದ್ರೆ ಮನೆ ಸುಟ್ಟರೂ ಅದು ಹಾರಲ್ಲ. ಮೊದಲನೇ ವರ್ಷದ ಹುಡುಗರಿಗೂ ಇದು ಗೊತ್ತಿರುತ್ತೆ."

ಕೊನೆಯ ಮಾತು ಬೇಕಿರಲಿಲ್ಲ. ಆದರೆ ಆಡುವಾಗ ನಾಲಿಗೆಗೆ ಹಿತವಾಗಿತ್ತು. ಹಿಂದೆ ನಿಂತಿದ್ದ ಗಿರಾಕಿಯೊಬ್ಬ ಕಿಸಕ್ಕನೆ ನಕ್ಕ.

ಮೇಷ್ಟ್ರು ಜೇಬಿನ ಚೀಟಿ ತೆಗೆದು ಮಗಳ ಕೈಗಿಟ್ಟರು. "ನೀನೇ ತಗೊಂಡು ಬಾಮ್ಮ," ಎಂದವರು ಮೆಟ್ಟಿಲಿಳಿದು ಹೋಗಿ ಬಿಸಿಲಲ್ಲಿ ನಿಂತರು.

ಅವಳು ಚೀಟಿ ಬಿಡಿಸಿದಳು. ಫ್ಯೂಸ್ ಎಂದಿದ್ದ ಕಡೆ 'ಅರ್ಧ' ಎಂದು ಬರೆದು ಹೊಡೆದುಹಾಕಿದ್ದರು. ಅದರ ಮುಂದೆ 'ಐದು'. ಅದನ್ನೂ ಹೊಡೆದಿದ್ದರು. ಆಮೇಲೆ 'ಹತ್ತು', ಕೆಳಗೆ ಎರಡು ಗೆರೆ. ಹೊಡೆದ ಕಡೆಯೆಲ್ಲ ಕಾಗದ ಹರಿದಿತ್ತು.

ಭಾನುವಾರ ಅವಳೊಬ್ಬಳೇ ಕೂತು ಎಲ್ಲ ಜೋಡಿಸಿದಳು. ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಿದ್ದರು.

"ಅಪ್ಪಾ, ಬನ್ನಿ, ಸ್ವಿಚ್ ನೀವೇ ಹಾಕಿ."

"ನೀನೇ ಹಾಕು. ನಿನಗೆಲ್ಲ ಗೊತ್ತು, ಸರಿಯಾಗೇ ಇರುತ್ತೆ."

ದನಿಯಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಅವಳು ಇನ್ನೊಮ್ಮೆ ಕರೆದಳು. ಅವರು ತಿರುಗಲಿಲ್ಲ.

ಅವಳೇ ಸ್ವಿಚ್ ಹಾಕಿದಳು. ಮೀಟರಿನ ಮುಳ್ಳು ಹನ್ನೆರಡಕ್ಕೆ ಬಂದು ನಿಂತಿತು. ಪರೀಕ್ಷೆಗೆಂದು ಸಿಕ್ಕಿಸಿದ್ದ ಪುಟ್ಟ ಬಲ್ಬು ಕಿಟಕಿಯ ಬಿಸಿಲಲ್ಲಿ ಉರಿಯುತ್ತಿದೆಯೋ ಇಲ್ಲವೋ ಕಾಣಲಿಲ್ಲ. ಅವಳು ಅದಕ್ಕೆ ಬೆರಳು ತಾಗಿಸಿ ನೋಡಿದಳು. ಬೆಚ್ಚಗಿತ್ತು.