ಖಸ್ರೋನ ಟ್ಯಾಂಕಿಗೆ ಹೊಸ ಪಟ್ಟಿ

ನನ್ನ ಅತ್ತೆ ಇಫ್ಫತ್ ಖಾನುಮ್ ಕಿರಿಮಗನ, ಅಂದರೆ ನನ್ನ ಗಂಡ ಫರ್ಶೀದನ ಹತ್ತಿರ ಏನನ್ನೂ ಕೇಳುವವಳಲ್ಲ. ಒಲೆ ಕೆಟ್ಟರೆ ಪಕ್ಕದ ಮನೆಯವರನ್ನು ಕರೆದಾಳು, ಫರ್ಶೀದನನ್ನು ಕರೆಯಳು. ಅವಳ ಪಾಲಿಗೆ ಮಗ ಅಂದರೆ ಖಸ್ರೋ ಒಬ್ಬನೇ. ನಮ್ಮ ಇರಾನಿಗೂ ಇರಾಕಿಗೂ ನಡೆದ ಯುದ್ಧದಲ್ಲಿ ಚೀಫ್ಟನ್ ಟ್ಯಾಂಕಿನೊಳಗೇ ಸುಟ್ಟುಹೋದ ಹಿರಿಯವನು. ಬದುಕಿ ಉಳಿದವನು ಬಂದರೆ ಚಹಾ ಕೊಡುತ್ತಾಳೆ, ಹೋದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ತಲೆ ನರೆತ ನನ್ನ ಗಂಡ ಇವತ್ತಿಗೂ ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬಿದ್ದೀತೆಂದು ಕಾಯುತ್ತಾನೆ. ನೋಡಿದರೆ ಮೈ ಉರಿಯುತ್ತದೆ, ಕರುಳೂ ಚುರುಕ್ ಅನ್ನುತ್ತದೆ.

ಅಂಥವಳು ಈ ಚಳಿಗಾಲದಲ್ಲಿ ತಾನಾಗಿ ನಮ್ಮನ್ನು ಕರೆಸಿದಳು. ಖಸ್ರೋ ಹುಡುಗನಾಗಿದ್ದಾಗ ಜೋಡಿಸಿದ್ದ ಪ್ಲಾಸ್ಟಿಕ್ ಟ್ಯಾಂಕನ್ನು, ಅದೂ ಚೀಫ್ಟನ್ನೇ, ಬೀರುವಿನಿಂದ ತೆಗೆದು ಫರ್ಶೀದನ ಕೈಗಿಟ್ಟಳು.

"ಚಕ್ರದ ರಬ್ಬರ್ ಪಟ್ಟಿ ಕಿತ್ತೋಗಿದೆ ನೋಡು. ಬೇರೆ ಹಾಕ್ಕೊಡ್ತೀಯಾ? ಅವನು ಹೋದ ದಿನ ಬರೋದ್ರೊಳಗೆ ಕೊಡು."

"ಪಟ್ಟಿ ಏನಮ್ಮಾ, ಇಡೀ ಟ್ಯಾಂಕನ್ನೇ ಹೊಸದು ಮಾಡ್ಕೊಡ್ತೀನಿ!" ಅಂದ. ಕಾರಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ. ಓಡಿಸಿದವಳು ನಾನು.

ಇಂಥ ಮಾದರಿಗಳನ್ನು ಕಟ್ಟುವುದು ನನ್ನ ಗಂಡನ ಹುಚ್ಚು. ಶುಕ್ರವಾರಕ್ಕೊಮ್ಮೆ ಸೇರುವ ಅದೇ ಹುಚ್ಚಿನ ಗೆಳೆಯರಿದ್ದಾರೆ. ಇದು ಬಿಡಿಭಾಗ ಜೋಡಿಸಿ ಕಟ್ಟುವ, ಜಪಾನಿನ ಹಳೇ ಕಾಲದ ಕಿಟ್ಟು. ಮಕ್ಕಳು ಓಡಿಸಲಿ ಅಂತ ಹೊಟ್ಟೆಯೊಳಗೆ ಪುಟ್ಟ ಮೋಟಾರು, ಅಡಿಯಲ್ಲಿ ಬ್ಯಾಟರಿಗೊಂದು ಮುಚ್ಚಳ, ಸ್ವಿಚ್ಚಿಗೊಂದು ತೂತು. ಈ ಮಂದಿಗೆ ಆ ತೂತುಗಳನ್ನು ಕಂಡರಾಗದು. ನಿಜವಾದ ಟ್ಯಾಂಕಿನಲ್ಲಿ ಅವೆಲ್ಲಿರುತ್ತವೆ? ಹಳೇ ಕಿಟ್ಟು ಕೈಗೆ ಬಿದ್ದರೆ ಮೊದಲ ಕೆಲಸ ಮೋಟಾರು ಕಿತ್ತೆಸೆದು ತೂತು ಮುಚ್ಚುವುದು. ಫರ್ಶೀದನೂ ಅದನ್ನೇ ಮಾಡಿದ. ಯೋಚನೆ ಕೂಡ ಮಾಡಲಿಲ್ಲ. ಪ್ಲಾಸ್ಟಿಕ್ ಹಾಳೆ ಅಂಟಿಸಿ, ಪುಟ್ಟಿ ಬಳಿದು, ನೀರು ಹಾಕಿ ಉಜ್ಜಿದ.

"ಅಮ್ಮ ಕೇಳಿದ್ದು ಒಂದು ಪಟ್ಟಿ. ನೀನು ಕಾರ್ಖಾನೆ ತೆಗೆದಿದ್ದೀಯಲ್ಲ!" ಅಂದೆ.

"ನಿಂಗೇನು ಗೊತ್ತು, ನಸ್ತರನ್? ಫಿರಂಗಿ ಕೂರೋ ಈ ಗೋಪುರ ನೋಡು, ಸೋಪಿನ ಥರ ನುಣ್ಣಗಿದೆ. ಖಸ್ರೋ ಕೂತಿದ್ದ ಟ್ಯಾಂಕು ಹಿಂಗಿರ್ಲಿಲ್ಲ."

ಗೋಪುರಕ್ಕೆ ಅಂಟು ಬಳಿದು, ಬ್ರಷ್ಷಿನಿಂದ ಕುಟ್ಟಿ, ಎರಕದ ಕಬ್ಬಿಣದ ಒರಟು ತಂದ. ದಪ್ಪ ಹಿಡಿಕೆಗಳನ್ನು ಕೊಯ್ದು ತಾಮ್ರದ ತಂತಿಯವನ್ನು ಕೂರಿಸಿದ. ಅಂಟುನೀರಿನಲ್ಲಿ ನೆನೆಸಿದ ತೆಳು ಕಾಗದದಿಂದ ಫಿರಂಗಿಯ ಬುಡಕ್ಕೆ ಬಟ್ಟೆಯ ಮುಸುಕು ಮಾಡಿದ. ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿ ಅಂಟಿಸಿ, ಕೊಂಡಿಗೆ ಕೊಂಡಿ ಸೇರಿಸಿ ಪಟ್ಟಿ ಹೆಣೆದ. ಖಸ್ರೋ ಕಂಡಕಂಡಲ್ಲಿ ಮೆತ್ತಿದ್ದ ಅಂಟನ್ನೆಲ್ಲ ಕೆರೆದು ತೆಗೆದ. ಅಷ್ಟು ಚೆನ್ನಾಗಿ ಫರ್ಶೀದ್ ಹಿಂದೆಂದೂ ಯಾವುದನ್ನೂ ಕಟ್ಟಿರಲಿಲ್ಲ. ಕೊನೆಗೆ ನಾನೂ ಬಾಯಿ ಮುಚ್ಚಿಕೊಂಡು ನೋಡಿದೆ.

ಪ್ರತಿ ವರ್ಷದಂತೆ ಖಸ್ರೋ ಸತ್ತ ದಿನ ಬಂತು. ಅತ್ತೆ ಕೇಸರಿ ಹಾಕಿ ಹಲ್ವಾ ಮಾಡಿದ್ದಳು. ಬಂದವರೆಲ್ಲ ಹೋದ ಮೇಲೆ ಫರ್ಶೀದ್ ಪೆಟ್ಟಿಗೆ ಬಿಚ್ಚಿ ಟ್ಯಾಂಕನ್ನು ಅವಳ ಮುಂದಿಟ್ಟ. ಅವಳು ಅಂಗಿಯ ಜೇಬಿನಿಂದ ಬ್ಯಾಟರಿಗಳನ್ನು ತೆಗೆದಳು. ಟ್ಯಾಂಕನ್ನು ಬೋರಲು ಹಾಕಿ ಅಡಿಯನ್ನೆಲ್ಲ ಹೆಬ್ಬೆರಳಿನಿಂದ ತಡವಿದಳು.

"ಸ್ವಿಚ್ಚೆಲ್ಲಿ?"

"ಮುಚ್ಚಿಬಿಟ್ಟೆ ಅಮ್ಮಾ. ನಿಜವಾದ್ದರಲ್ಲಿ ಅದಿರಲ್ಲ."

"ಮೋಟಾರು?"

ಅವನು ಖಾಲಿ ಪೆಟ್ಟಿಗೆಯ ಮುಚ್ಚಳವನ್ನು ಎತ್ತಿ ಮತ್ತೆ ಇಟ್ಟ. ಮೋಟಾರನ್ನು ಬಿಸಾಡಿದ್ದು ನನಗೆ ಗೊತ್ತಿತ್ತು.

"ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಬಿಟ್ಟು ಇಟ್ಟಿದ್ದೆ ಅದನ್ನ," ಅಂದಳು. "ಖಸ್ರೋ ಕಿಟಕಿ ಹತ್ರದಿಂದ ಬಿಡ್ತಿದ್ದ, ನಾನು ಬಾಗಿಲ ಹತ್ರ ಕೂತು ಹಿಡ್ಕೋತಿದ್ದೆ. ಪ್ರತಿ ವರ್ಷ ಈ ದಿನ, ನೀವೆಲ್ಲ ಹೋದ್ಮೇಲೆ, ಒಂದ್ಸಲ ಓಡಿಸ್ತೀನಿ. ನಾನೇ ಬಿಡ್ತೀನಿ, ನಾನೇ ಹೋಗಿ ಹಿಡೀತೀನಿ."

ಟ್ಯಾಂಕನ್ನು ಜಮಖಾನದ ಮೇಲಿಟ್ಟು ಬೆರಳಿನಿಂದ ನೂಕಿದಳು. ಚಕ್ರ ತಿರುಗಲಿಲ್ಲ. ಒಂದು ಕೊಂಡಿ ಜಮಖಾನದ ನೂಲಿಗೆ ಸಿಕ್ಕಿಕೊಂಡಿತು. ಅವಳು ಅದನ್ನು ಮೆಲ್ಲಗೆ ಬಿಡಿಸಿದಳು.

"ಬೇರೆ ಮೋಟಾರು ತರ್ತೀನಮ್ಮಾ. ಅಡಿ ಕೊಯ್ದು ಮತ್ತೆ ಕೂರಿಸ್ತೀನಿ. ನಾಳೇನೇ ಮಾಡ್ತೀನಿ." ಅವನ ದನಿ ಸಣ್ಣ ಹುಡುಗನದಾಗಿತ್ತು.

"ಬೇಡ. ಇಷ್ಟು ಚಂದ ಮಾಡಿದ್ದೀಯ, ಯಾಕೆ ಕೆಡಿಸ್ತೀಯ? ನಿನ್ನ ಕೈ ನೋಯದಿರಲಿ."

ಕೈ ನೋಯದಿರಲಿ ಅನ್ನುವುದು ರೊಟ್ಟಿ ಅಂಗಡಿಯವನಿಗೆ, ಟ್ಯಾಕ್ಸಿಯವನಿಗೆ ಧನ್ಯವಾದದ ಬದಲು ನಾವೆಲ್ಲ ದಿನಾ ಹೇಳುವ ಮಾತು. ಇಷ್ಟು ವರ್ಷ ಕಾದಿದ್ದಕ್ಕೆ ಅವನಿಗೆ ಸಿಕ್ಕಿದ್ದು ಅದೇ. ಆ ಗಳಿಗೆಯಲ್ಲಿ ಆ ಮುದುಕಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಕೈಯಲ್ಲಿನ ಬ್ಯಾಟರಿ ನೋಡಿದೆ. ಆ ಸಿಟ್ಟನ್ನೂ ಮುಂದುವರಿಸಲಾಗಲಿಲ್ಲ.

ಅವಳೇ ಟ್ಯಾಂಕನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಿ, ಮಗನ ಕಡೆ ಸರಿಸಿದಳು.

"ತಗೊಂಡು ಹೋಗು. ಇದು ಖಸ್ರೋಂದಲ್ಲ, ನಿಂದು."