ಇಮಾಸ್ ಕೂತ ಅಳತೆ

ಬಾಗಿಲು ಹಾಕುವ ದಿನ ತುಂಪೆಂಗ್ ತರಿಸಿ ಊಟ ಹಾಕಿಸುವ ಮನುಷ್ಯನನ್ನು ಇಮಾಸ್ ತನ್ನ ಐವತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ. ಮಗು ಹುಟ್ಟಿದರೆ, ಮನೆ ಕಟ್ಟಿದರೆ, ಹೊಸ ಕೆಲಸ ಶುರುವಾದರೆ ಆ ಅರಿಸಿನ ಅನ್ನದ ಗೋಪುರ ಬರುತ್ತದೆ. ಮುಳುಗಿದ ಅಂಗಡಿಗೆ ಯಾರಾದರೂ ತರಿಸುತ್ತಾರೆಯೇ? ಅದನ್ನು ಕಟ್ಟಿ ನಡೆಸಿದ ಗುಮಿಲಾರ್ ತರಿಸಿದ್ದ. ಅದೂ ಇಮಾಸಳ ಒಲೆ ಎಂಟು ಹೆಜ್ಜೆ ದೂರದಲ್ಲಿ ಉರಿಯುತ್ತಿರುವಾಗ, ಪೇಟೆಯ ಯಾವುದೋ ಕೇಟರಿಂಗಿನವರಿಂದ.

ಇಷ್ಟು ಸಾಲದೆಂಬಂತೆ ಗೋಪುರದ ತುದಿಯನ್ನು ಅವನು ಚಾಕುವಿನಿಂದ ಕತ್ತರಿಸಿ ಸಿಯು ಹೂನ್ ತಟ್ಟೆಗೆ ಬಡಿಸಿದ. ಮುಚ್ಚುವ ಕಾಗದಗಳಿಗೆ ರುಜು ಹಾಕಿಸಿಕೊಳ್ಳಲು ಬೆಳಿಗ್ಗೆ ಸಿಂಗಾಪುರದಿಂದ ಬಂದಿಳಿದಿದ್ದ ಕಂಪನಿಯ ಹೆಂಗಸು ಅವಳು. ತುದಿ ಆ ಮನೆಯ ಹಿರಿಯರಿಗೆ ಸಲ್ಲಬೇಕು ಎನ್ನುವುದು ಬಂಡುಂಗ್ ಊರಿನಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಸಿಯು ಹೂನ್‌ಗೆ ಗೊತ್ತಿರಲಿಲ್ಲ, ಅವಳ ತಪ್ಪಲ್ಲ. ಖಾರ ಇದೆಯಾ ಎಂದು ಕೇಳಿ ಚಮಚದ ತುದಿಯಲ್ಲಿ ನಾಲ್ಕು ಅಗುಳು ತಿಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಇಮಾಸ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಸಿಗಾದುಂಗ್ ದಿಬ್ಬದ ಮೇಲಿನ ಆ ಹಳೆಯ ಮನೆಯಲ್ಲಿ ಮೂವತ್ತೆರಡು ಜನ ಸೇರಿ ಒಂದೇ ಒಂದು ಆಟ ಕಟ್ಟಿದ್ದರು. ಸಂಸ್ಥೆಯ ಹೆಸರು ಹಲಿಮುನ್, ಆಟದ ಹೆಸರು ಮಂಜಿನ ಸಂತೆ. ವಿಆರ್ ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿಕೊಂಡರೆ ಸಾಕು, ಮೋಡದ ನಡುವೆ ತೂಗುವ ಒಂದು ಸಂತೆಯಲ್ಲಿ ಇರುತ್ತೀರಿ. ಅಕ್ಕಿಹಿಟ್ಟಿನ ಸುರಾಬಿ ದೋಸೆ ಸುಟ್ಟು ಮಾರಬಹುದು, ಮುರಿದ ಕೊಡೆ ರಿಪೇರಿ ಮಾಡಬಹುದು, ಬ್ರೆಜಿಲಿನವನ ಜೊತೆ ಚೌಕಾಸಿಗೆ ಇಳಿಯಬಹುದು. ಅಲ್ಲಿ ಯಾರೂ ಯಾರನ್ನೂ ಗುಂಡಿಟ್ಟು ಕೊಲ್ಲುವುದಿಲ್ಲ. ಜಗತ್ತಿನ ಎಲ್ಲೆಲ್ಲಿಯದೋ ಜನ ಅದಕ್ಕೆ ಪ್ರಾಣ ಬಿಡುತ್ತಿದ್ದರು. ಮೂರು ವರ್ಷದ ಹಿಂದೆ ಗುಮಿಲಾರ್ ಅದನ್ನು ಸಿಂಗಾಪುರದ ಕಂಪನಿಗೆ ಮಾರಿದ. ಹೋದ ತಿಂಗಳು ಆ ಕಂಪನಿಗೆ ಇಂಥ ಹೆಡ್‌ಸೆಟ್ ಆಟಗಳೇ ಬೇಡವೆನಿಸಿತು. ಇವತ್ತು ಸಂಜೆ ಆರಕ್ಕೆ ಸಂತೆ ಮುಚ್ಚುತ್ತದೆ. ಆಟಕ್ಕೆ ಕೊನೆಯ ತಿದ್ದುಪಡಿ ಹೋಗುವುದು ನಾಲ್ಕು ಗಂಟೆಗೆ. ಆಮೇಲೆ ದೇವರು ಬಂದು ಬೇಡಿಕೊಂಡರೂ ಒಂದು ಮೊಳೆ ಅಲುಗಿಸಲಾಗದು.

ಇಮಾಸಳ ಕಣ್ಣು ಇದ್ದದ್ದು ಆ ನಾಲ್ಕು ಗಂಟೆಯ ಮೇಲೆ.

ಅವಳು ಅಲ್ಲಿ ಅಡುಗೆಯವಳು. ಎಲ್ಲರೂ ಬಿಬಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಎತ್ತರ ನಾಲ್ಕೂಮುಕ್ಕಾಲು ಅಡಿ, ನಾಲಿಗೆ ಅದಕ್ಕಿಂತ ಉದ್ದ. ಆರು ವರ್ಷದ ಹಿಂದೆ ಟೀ ಲೋಟ ಎತ್ತಲು ಬಂದವಳ ತಲೆಗೆ ತಮಾಷೆಗೆಂದು ಹೆಡ್‌ಸೆಟ್ ಹಾಕಿದ್ದರು. ಆರಡಿ ಎತ್ತರದ ಗುಮಿಲಾರ್ ತನ್ನ ಅಳತೆಗೆ ಕಟ್ಟಿದ ಸಂತೆಯದು. ಇಮಾಸಳ ಕೈಗೆ ಒಂದು ಕಪಾಟೂ ಎಟುಕಲಿಲ್ಲ. ಇದೇನು ಒಂಟೆಗಳಿಗೆ ಕಟ್ಟಿದ ಸಂತೆಯಾ ಎಂದು ಅವಳು ಉಗಿದಾಗ ಎಲ್ಲರೂ ನಕ್ಕರು. ನಕ್ಕು ಮುಗಿಸಿ, ಅವಳ ಎತ್ತಿದ ಅಂಗೈ ಮುಟ್ಟುವ ಜಾಗಕ್ಕೆ ಒಂದು ಬಿದಿರಿನ ಕೋಲಿನಲ್ಲಿ ಗುರುತು ಕೆತ್ತಿ, ಇಡೀ ಸಂತೆಯನ್ನು ಆ ಗುರುತಿಗೆ ಇಳಿಸಿದರು.

ನಿಜವಾದ ಅಳತೆ ಸಿಕ್ಕಿದ್ದು ಆಮೇಲೆ. ಮಕಾಸ್ಸರಿನಿಂದ ಬೆಸ್ಸೆ ಎನ್ನುವ ಹನ್ನೆರಡು ವರ್ಷದ ಹುಡುಗಿಯ ಕಾಗದ ಬಂತು. ಪ್ರೋಗ್ರಾಂ ಬರೆಯುವ ವಿವಿನ್ ಅದನ್ನು ಅಡುಗೆಮನೆಯಲ್ಲೇ ಕೂತು ಓದಿದಳು. ನಿಮ್ಮ ಸಂತೆ ಬಹಳ ಚೆಂದ, ನಾನು ಗಾಲಿಕುರ್ಚಿಯಲ್ಲಿ ಕೂರುವವಳು, ಅದರ ಕೆಳಗಿನ ಅರ್ಧವನ್ನು ಪೂರ್ತಿ ನೋಡಿದ್ದೇನೆ ಎಂದು ಬರೆದಿತ್ತು. ಮರುದಿನ ಇಮಾಸ್ ಸೊಪ್ಪು ಬಿಡಿಸಲು ಕೂರುವ ತನ್ನ ಗಿಡ್ಡ ಮಣೆಯನ್ನು ಎಳೆದು ತಂದು, ಅದರ ಮೇಲೆ ಕೂತು ಹೆಡ್‌ಸೆಟ್ ಹಾಕಿಕೊಂಡಳು. ಈ ಮಣೆ ಮೇಲೆ ಕೂತ ನನಗೆ ಎಟುಕಿದರೆ ಲೋಕದಲ್ಲಿ ಯಾರಿಗಾದರೂ ಎಟುಕುತ್ತೆ, ಇಳಿಸು ಎಂದಳು. ವಿವಿನ್ ಇಳಿಸಿದಳು. ಅಂದಿನಿಂದ ಆ ಸಂತೆಯೊಳಗೆ ಒಂದು ಸೌಟು ಇಡಬೇಕಾದರೂ "ಬಿಬಿ ಮುಟ್ಟಿದ್ದಾರಾ?" ಎಂದು ಕೇಳಿಯೇ ಮುಂದಕ್ಕೆ ಹೋಗುವುದು ಹಲಿಮುನ್‌ನ ರೂಢಿಯಾಯಿತು.

ಗುಮಿಲಾರ್ ಆ ಹೊತ್ತಿಗಾಗಲೇ ವಿಮಾನದಲ್ಲೇ ಸಂಸಾರ ಹೂಡಿದ್ದ. ಊರೂರಿನ ವೇದಿಕೆ ಹತ್ತಿ ಆ ಬಿದಿರಿನ ಕೋಲು ತೋರಿಸಿ, ತನ್ನ ಮಗಳು ಹಾಲಿನ ಲೋಟಕ್ಕೆ ಕೈ ಚಾಚುವುದನ್ನು ಕಂಡು ತನಗೆ ಇದು ಹೊಳೆಯಿತು ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದ. ಊರಿಗೆ ಬಂದಾಗ ಇಮಾಸ್ ಮಣೆಯ ಮೇಲೆ ಕೂತದ್ದು ನೋಡಿದರೆ, ಬಿಬಿಗೆ ಪಾಪ ಮೊಣಕಾಲು ನೋವು ಎಂದು ಮುಂದೆ ಹೋಗುತ್ತಿದ್ದ. ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಈಗ ಸಂತೆ ಮುಚ್ಚಿದರೂ ಅವನಿಗೆ ಸಿಂಗಾಪುರದಲ್ಲಿ ಕುರ್ಚಿ ಸಿದ್ಧವಾಗಿತ್ತು. ಎಲ್ಲರ ಕೈಗೂ ಎಟುಕುವಂಥ ಆಟ ಮಾಡಿಸುವ ವಿಭಾಗಕ್ಕೆ ಅವನೇ ದೊರೆ. ಕೋಲು ಕಂಪನಿಯ ಹಜಾರದಲ್ಲಿ ಗಾಜಿನ ಪೆಟ್ಟಿಗೆ ಸೇರಲಿತ್ತು.

ಇಮಾಸ್ ಕೇಳಿದ್ದು ಕುರ್ಚಿಯಲ್ಲ. ಸಂತೆಯ ಬಾಯಲ್ಲಿ ಒಂದು ಕಲ್ಲಿನ ಗೋಡೆಯಿದೆ, ಕಟ್ಟಿದವರ ಹೆಸರೆಲ್ಲ ಅದರ ಮೇಲಿದೆ. ಆಡುವವರು ಬಂದು ಅದನ್ನು ಮುಟ್ಟಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆಟ ಸತ್ತ ಮೇಲೂ ಉಳಿಯುವುದು ಆ ಚಿತ್ರವೊಂದೇ. ಅದರಲ್ಲಿ ಇಲ್ಲದವರು ಅಲ್ಲಿ ಇರಲೇ ಇಲ್ಲ ಎಂದೇ ಲೆಕ್ಕ. ಮೂರು ಸಲ ಕೇಳಿದ್ದಳು. ಮೂರು ಸಲವೂ ಗುಮಿಲಾರ್ ಮುಂದಿನ ಸಲ ನೋಡೋಣ ಎಂದು ಮೂಗಿಗೆ ತುಪ್ಪ ಸವರಿ ಕಳಿಸಿದ್ದ. ಇನ್ನು ಮುಂದಿನ ಸಲವೇ ಇರಲಿಲ್ಲ.

ಮೂರೂಕಾಲಕ್ಕೆ ಗುಮಿಲಾರ್ ತಾನಾಗಿಯೇ ಅಡುಗೆಮನೆಗೆ ಬಂದ. ಬೀಳ್ಕೊಡುಗೆಗೆಂದು ಸಂತೆಯ ನಡುವಿನ ಬಿದಿರುಮೆಳೆಗೆ ಒಂದು ಗಂಟೆ ತೂಗುಹಾಕಿಸಿದ್ದ. ಅದನ್ನು ಬಾರಿಸಿದವರ ಹೆಸರು ಹೊತ್ತ ಒಂದೊಂದು ದೀಪ ಮಂಜಿನೊಳಗೆ ಮೇಲೇರಿ ಹೋಗುತ್ತದೆ. ಇಮಾಸ್ ಒಮ್ಮೆ ಮುಟ್ಟಿ ಸರಿಯಿದೆ ಎಂದುಬಿಟ್ಟರೆ ಕೆಲಸ ಮುಗಿಯಿತು. ಹಿಂದೆಯೇ ವಿವಿನ್ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಳು.

"ಮುಟ್ತೀನಿ. ಮೊದಲು ಗೋಡೆ ಮೇಲೆ ನನ್ನ ಹೆಸರು ಬರೆಸಿ, ಕಾಂಗ್," ಎಂದಳು ಇಮಾಸ್. ಹಿರಿಯಣ್ಣ ಎನ್ನುವ ಮರ್ಯಾದೆಯ ಮಾತನ್ನು ಅವಳು ಉಗುಳುವ ಹಾಗೆ ಆಡಿದಳು.

ಗುಮಿಲಾರ್ ನಕ್ಕ. ಕಂಪನಿಯ ಪಟ್ಟಿಯಲ್ಲಿ ಇರುವವರ ಹೆಸರು ಮಾತ್ರ ಹಾಕಬಹುದು, ಬಿಬಿ ಕಾಗದದ ಪ್ರಕಾರ ಕ್ಲೀನಿಂಗ್ ಗುತ್ತಿಗೆಯವರ ಕಡೆಯವರು, ತನ್ನ ಕೈಯಲ್ಲಿ ಏನಿದೆ ಎಂದ. ಬೇಕಾದರೆ ತನ್ನ ಮುಂದಿನ ಭಾಷಣದಲ್ಲಿ ಅವಳ ಸಂಬಾಲ್ ಮೆಣಸಿನ ಚಟ್ನಿಯ ಬಗ್ಗೆ ಖಂಡಿತ ಹೇಳುತ್ತೇನೆ ಎಂದ.

"ಸಂಬಾಲ್ ಬಗ್ಗೆ ಬೇಡ. ಅಳತೆ: ಇಮಾಸ್. ಎರಡೇ ಪದ. ವಿವಿನ್‌ಗೆ ಅರ್ಧ ನಿಮಿಷದ ಕೆಲಸ."

"ಬಿಬಿ, ಸಿಯು ಹೂನ್ ಕೂತಿದ್ದಾರೆ. ಈಗ ಇದೆಲ್ಲ ಶುರು ಮಾಡ್ಬೇಡಿ."

"ಅವಳು ಕೂತಿದ್ದಾಳೆ ಅಂತಲೇ ನಿಮಗೆ ನಡುಕ. ಮಗಳ ಕಥೆ ಹೇಳಿದ್ದೀರಲ್ಲ ಅವಳಿಗೆ."

ಅವನ ಮುಖದ ನಗು ಹೋಯಿತು. ಆರು ವರ್ಷ ನೋಡಿದ್ದೇನೆ, ನಿಮ್ಮ ಅಳತೆ ತೆಗೆಯಲು ನೀವೇ ಬೇಕಿಲ್ಲ, ದೊಡ್ಡ ಕೋಣೆಯ ಗೋಡೆ ಮೇಲೆ ಕೋಲಿದೆ ಎಂದು ಹೇಳಿ ಹೊರಟ. ಬಾಗಿಲ ಸಂದಿಯಿಂದ ಇಮಾಸ್ ನೋಡುತ್ತಲೇ ಇದ್ದಳು. ಅವನು ಕೋಲನ್ನು ನೆಲಕ್ಕೆ ಊರಿ, ಗುರುತಿನ ಎತ್ತರ ಓದಿ, ವಿವಿನ್‌ಗೆ ಸಂಖ್ಯೆ ಹೇಳಿದ. ಅದು ನಿಂತವಳ ಅಳತೆ. ವಿವಿನ್ ಬೆರಳು ಒಂದು ಗಳಿಗೆ ತಡೆಯಿತು. ಅವಳು ತಿರುಗಿ ಇಮಾಸಳತ್ತ ನೋಡಿದಳು. ಬಾಯಿ ಬಿಟ್ಟರೆ ಕೆಲಸ ಹೋದದ್ದಕ್ಕೆ ಬರಬೇಕಾದ ಪರಿಹಾರದ ಹಣಕ್ಕೆ ಎಲ್ಲಿ ಕಲ್ಲು ಬೀಳುತ್ತದೋ ಎನ್ನುವ ಹೆದರಿಕೆ ಆ ಹುಡುಗಿಗೆ. ಇಮಾಸ್‌ಗೆ ಯಾವ ಹೆದರಿಕೆಯೂ ಇರಲಿಲ್ಲ, ಇದ್ದದ್ದು ಹಟ. ತಪ್ಪು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಾಡಿದ್ದುಣ್ಣಲಿ ಮಹರಾಯ, ಸಿಂಗಾಪುರದವಳ ಎದುರೇ ಬೀಳಲಿ ಎಂದುಕೊಂಡು ಅವಳು ಮುಖ ತಿರುಗಿಸಿ ಲೋಟ ತೊಳೆಯತೊಡಗಿದಳು. ನಾಲ್ಕು ಹೊಡೆಯಿತು.

ಐದಕ್ಕೆ ಎಲ್ಲರೂ ದೊಡ್ಡ ಕೋಣೆಯ ಪರದೆಯ ಮುಂದೆ ಸೇರಿದರು. ಸಂತೆಯ ತುಂಬ ಜನ, ಕಾಲಿಡಲು ಜಾಗವಿಲ್ಲ. ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಗಂಟೆ ಮೊಳಗಿತು, ದೀಪಗಳು ಎದ್ದವು, ಸಿಯು ಹೂನ್ ಕೂಡ ಮೊಬೈಲಿನಲ್ಲಿ ಚಿತ್ರ ಹಿಡಿದಳು. ಆಮೇಲೆ ಮೆಳೆಯ ಕೆಳಗೆ ಒಂದು ಗುಂಪು ನಿಂತಲ್ಲೇ ನಿಂತಿತು. ಅವರ ಕೈಗಳು ಗಂಟೆಗಿಂತ ಎರಡು ಗೇಣು ಕೆಳಗೆ ಗಾಳಿಯಲ್ಲಿ ಆಡುತ್ತಿದ್ದವು. ಮಕ್ಕಳ ಕೈ, ಮುದುಕರ ಕೈ, ಎಲ್ಲೋ ಹಾಸಿಗೆಯಲ್ಲಿ ಕೂತು ಆಡುವವರ ಕೈ. ಹತ್ತಿದ್ದದ್ದು ಇಪ್ಪತ್ತಾಯಿತು, ಇಪ್ಪತ್ತು ಇನ್ನೂರಾಯಿತು. ಈ ಸಂತೆಯಲ್ಲಿ ಯಾವತ್ತೂ ಹೀಗಾಗಿರಲಿಲ್ಲ, ಹಾಗಾಗಿ ಅವರು ತಮ್ಮದೇ ತಪ್ಪಿರಬೇಕೆಂದು ಮತ್ತೆ ಮತ್ತೆ ಚಾಚುತ್ತಿದ್ದರು.

"ಯಾಕೆ ಎಟುಕ್ತಿಲ್ಲ ಅವರಿಗೆ?" ಎಂದು ಸಿಯು ಹೂನ್ ಕೇಳಿದಳು.

ಕೋಲಿನ ಅಳತೆಯೇ ಹಾಕಿದ್ದು, ಏನೋ ತಾಂತ್ರಿಕ ದೋಷ ಎಂದು ಗುಮಿಲಾರ್ ತೊದಲಿದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಬೇಕಾದದ್ದು ಇದೇ ಆಗಿತ್ತು ಇಮಾಸ್‌ಗೆ, ಅವನು ಬೀಳುವುದನ್ನು ನೋಡುವುದು. ಆದರೆ ಅವಳು ಅವನ ಕಡೆ ನೋಡಲೇ ಇಲ್ಲ. ಪರದೆಯಲ್ಲಿ ಒಬ್ಬಳ ತಲೆಯ ಮೇಲೆ ಬೆಸ್ಸೆ ಎಂಬ ಹೆಸರು ತೂಗುತ್ತಿತ್ತು. ಅವಳು ಕೈ ಇಳಿಸಿ ಸುಮ್ಮನೆ ಬದಿಗೆ ಸರಿದು, ಬಾರಿಸಬಲ್ಲವರಿಗೆ ದಾರಿ ಬಿಡುತ್ತಿದ್ದಳು. ಇಮಾಸ್‌ಗೆ ತನ್ನ ಮೇಲೆ ಅಸಹ್ಯವಾಯಿತು. ಗುಮಿಲಾರ್‌ಗೆ ಗೊತ್ತಿಲ್ಲದೆ ಆದ ಪಾಪ ಅದು. ತನ್ನದು ಗೊತ್ತಿದ್ದೂ ಮಾಡಿದ್ದು.

ಅವಳು ಮುಂದೆ ಹೋಗಿ ಮೇಜಿನ ಮೇಲಿದ್ದ ಹೆಡ್‌ಸೆಟ್ ಎತ್ತಿ ಹಾಕಿಕೊಂಡಳು. ಸಂಸ್ಥೆಯವರಿಗೆಲ್ಲ ಅವರವರ ಹೆಸರಿನ ಖಾತೆಯಿತ್ತು, ಅವಳಿಗೆ ಯಾರೂ ಮಾಡಿಕೊಟ್ಟಿರಲಿಲ್ಲ. ಪರದೆಯಲ್ಲಿ ಅವಳ ತಲೆಯ ಮೇಲೆ "ಅತಿಥಿ ೧" ಎಂದು ಬಂತು. ವಿವಿನ್ ಮಣೆ ತಂದಿಟ್ಟಳು. ಇಮಾಸ್ ಇವತ್ತು ಅದರ ಮೇಲೆ ಕೂರಲಿಲ್ಲ, ಹತ್ತಿ ನಿಂತಳು. ಗಂಟೆ ಕಟ್ಟಿದ ಬಿದಿರಿನ ಕೊಂಬೆ ಎಳೆದರೆ ನಿಜದ ಬಿದಿರಿನ ಹಾಗೆಯೇ ಬಾಗುತ್ತದೆ. ವಿವಿನ್ ಅದಕ್ಕೆ ಎರಡು ತಿಂಗಳು ಜೀವ ತೇದಿದ್ದಳು. ಎರಡೂ ಕೈಯಿಂದ ಆ ಕೊಂಬೆಯನ್ನು ಹಿಡಿದು ಎದೆಯ ಮಟ್ಟಕ್ಕೆ ಜಗ್ಗಿ, ಇಮಾಸ್ ಅಲ್ಲೇ ನಿಂತಳು. ಗಂಟೆ ಕೆಳಕ್ಕಿಳಿಯಿತು.

ಜನ ಬಂದರು. ಒಬ್ಬೊಬ್ಬರಾಗಿ ಬಾರಿಸಿದರು, ಒಂದೊಂದಾಗಿ ದೀಪ ಎದ್ದಿತು. ಕೈ ಒಂದಿಷ್ಟು ಮೇಲಕ್ಕೆ ಹೋದರೆ ಕೊಂಬೆ ಮೇಲಕ್ಕೆ ಹೋಗುತ್ತದೆ, ಹಾಗಾಗಿ ಅವಳು ಹಲ್ಲು ಕಚ್ಚಿ ತೋಳನ್ನು ಅಲುಗಿಸದೆ ಹಿಡಿದಳು. ಹದಿನೈದು ನಿಮಿಷಕ್ಕೆ ಭುಜ ಸೋತಿತು, ಅರ್ಧ ಗಂಟೆಗೆ ಮೊಣಕಾಲು ನಿಜಕ್ಕೂ ನೋಯತೊಡಗಿತು. ಸಿಯು ಹೂನ್ ಅವರ ವಿಮಾನ ನಿಲ್ದಾಣದ ರೈಲಿಗೆ ಹೊತ್ತಾಗುತ್ತಿದೆ, ಸಾಕು ಬಿಡಿ ಎಂದು ಗುಮಿಲಾರ್ ಅವಳ ಕಿವಿಯ ಬಳಿ ಬಂದು ಹೇಳಿದ.

"ದೂರ ನಿಲ್ಲು, ಉಜಾಂಗ್," ಎಂದಳು ಇಮಾಸ್. ಉಜಾಂಗ್ ಎಂದರೆ ಮರಿ, ಚಿಕ್ಕ ಹುಡುಗ. ಆರು ವರ್ಷದಲ್ಲಿ ಅವಳು ಅವನನ್ನು ಹಾಗೆ ಕರೆದದ್ದು ಇದೇ ಮೊದಲು.

ಆರಕ್ಕೆ ಎರಡು ನಿಮಿಷವಿದ್ದಾಗ ಬೆಸ್ಸೆಯ ಸರದಿ ಬಂತು. ಈಗ ಅವಳದು ದೊಡ್ಡವಳ ದನಿ. ಬಾರಿಸಿ, ತನ್ನ ದೀಪ ಏರುವುದನ್ನು ನೋಡಿ, ಇಮಾಸಳ ಕಡೆ ತಿರುಗಿದಳು.

"ನೀವ್ಯಾರು? ನಿಮ್ಮ ಹೆಸರೇ ಕಾಣ್ತಿಲ್ಲ."

"ಇಮಾಸ್. ಇಲ್ಲಿ ಅಡುಗೆ ಮಾಡ್ತೀನಿ."

"ನೀವೂ ಒಂದ್ಸಲ ಬಾರಿಸಿ ಬಿಬಿ, ನಿಮ್ಮದೊಂದು ದೀಪ ಹೋಗ್ಲಿ."

"ನಾನು ಕೈ ಬಿಟ್ರೆ ಅದು ಮೇಲೆ ಹೋಗುತ್ತಮ್ಮಾ. ಇನ್ನೂ ಜನ ಇದ್ದಾರೆ."

ಇನ್ನೂ ಹನ್ನೊಂದು ಜನ ಬಾರಿಸಿದರು. ಹನ್ನೆರಡನೆಯ ಕೈ ಗಂಟೆಯ ಮೇಲಿರುವಾಗ ಸಂತೆ ಕಪ್ಪಾಯಿತು.

ಇಮಾಸ್ ಹೆಡ್‌ಸೆಟ್ ಕಳಚಿ ಮೇಜಿನ ಮೇಲಿಟ್ಟಳು. ತೋಳು ಮಡಚಲಾಗುತ್ತಿರಲಿಲ್ಲ. ಸಿಯು ಹೂನ್ ಕಾಗದದ ಚೀಲ ಎತ್ತಿಕೊಂಡು ಗುಮಿಲಾರ್‌ನತ್ತ ನೋಡಿದಳು. ಅವನು ಅವಸರವಸರವಾಗಿ ಗೋಡೆಯಿಂದ ಕೋಲು ಇಳಿಸಿ ಹಳೆಯ ಪತ್ರಿಕೆಗಳಲ್ಲಿ ಸುತ್ತುತ್ತಿದ್ದ. ಇಮಾಸ್ ಬಗ್ಗಿ ಮಣೆಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಬಿಬಿ, ಆ ಮಣೆ ಆಫೀಸಿಂದು," ಎಂದ ಗುಮಿಲಾರ್. ಏನಾದರೂ ಒಂದು ಹೇಳಬೇಕಿತ್ತು ಅವನಿಗೆ.

"ನನ್ನ ಅಮ್ಮಂದು. ಆ ಕೋಲು ನಿಮ್ಮದು, ಜೋಪಾನವಾಗಿ ತಗೊಂಡು ಹೋಗಿ," ಎಂದಳು ಇಮಾಸ್. "ಗಾಜಿನ ಪೆಟ್ಟಿಗೇಲಿ ಇಡುವಾಗ ಕೆಳಗೆ ಬರೆಸಿ, ಇದು ನಿಂತವರ ಅಳತೆ ಅಂತ."

ವಿವಿನ್ ತಲೆ ತಗ್ಗಿಸಿ ನಿಂತಿದ್ದಳು. ಇಮಾಸ್ ಅವಳನ್ನು ದಾಟಿ ಅಡುಗೆಮನೆಗೆ ಹೋಗಿ ಒಲೆ ಆರಿಸಿ, ಮಿಕ್ಕಿದ್ದ ತುಂಪೆಂಗನ್ನು ಹಾಗೇ ಬಿಟ್ಟು, ಹಿಂಬಾಗಿಲಿನಿಂದ ದಿಬ್ಬ ಇಳಿದಳು. ಮನೆ ಕಡೆ ಹೋಗುವ ಆಂಗ್‌ಕೋಟ್ ವ್ಯಾನಿನಲ್ಲಿ ಜಾಗವಿರಲಿಲ್ಲ, ಅವಳು ಮಣೆಯನ್ನು ಸೀಟುಗಳ ನಡುವೆ ಹಾಕಿಕೊಂಡು ಅದರ ಮೇಲೆಯೇ ಕೂತು ಮನೆಯವರೆಗೂ ಹೋದಳು.