ಎಡಬದಿ ಕೆಂಪಾದ ಮಾನಿಟರ್

ಕಾಸು ಕೊಟ್ಟು ತಂದ ಹೊಸ ವಸ್ತುವಿನಲ್ಲಿ ಹುಳುಕು ಕಂಡರೆ ನೀವೇನು ಮಾಡುತ್ತೀರಿ? ನಾವಂತೂ ಬಾಯಿ ಮುಚ್ಚಿಕೊಂಡು ಕೂತೆವು.

ನಮ್ಮದು ಹೊಲಿಗೆಯ ಮನೆ. ಮುಂದಿನ ಕೋಣೆಯಲ್ಲಿ ಎರಡು ಮಷಿನ್. ಒಂದರಲ್ಲಿ ನಾನು, ಇನ್ನೊಂದರಲ್ಲಿ ನಮ್ಮ ಯಜಮಾನರು. ಮಗಳು ಅಂಗಿಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಾಳೆ. ಮಕ್ಕಳ ಫುಟ್‌ಬಾಲ್ ತಂಡದವರು ತಮ್ಮ ಅಂಗಿಗೆ ಅವಳನ್ನೇ ಹುಡುಕಿಕೊಂಡು ಬಂದರು. ಅಪ್ಪನನ್ನಲ್ಲ, ಅವಳನ್ನು! ಅದಕ್ಕೆಂದೇ ಹೊಸ ಮಾನಿಟರ್ ತಂದೆವು. ಹಚ್ಚಿದರೆ ಪರದೆಯ ಎಡಬದಿಯೆಲ್ಲ ತೆಳುವಾಗಿ ಕೆಂಪು. ನೀಲಿ ಅಂಗಿಯ ಒಂದು ತೋಳು ನೀಲಿ, ಇನ್ನೊಂದು ನೇರಳೆ.

"ಬದಲಾಯಿಸ್ಕೊಂಡು ಬರೋಣ," ಅಂದೆ.

ಯಜಮಾನರು ಮಷಿನ್ನಿನಿಂದ ತಲೆಯೆತ್ತಲಿಲ್ಲ. "ಹೊಲಿದ ಬಟ್ಟೆ ವಾಪಸ್ ಬಂದ್ರೆ ನನಗೆಷ್ಟು ಹೊಟ್ಟೆ ಉರಿಯುತ್ತೆ, ನೋಡಿದೀಯಲ್ಲ? ಆ ಅಂಗಡಿಯವನೂ ನಮ್ಮ ಹಾಗೇ ದುಡಿಯೋನು. ಇರ್ಲಿ ಬಿಡು, ಹೊಂದ್ಕೋತಾಳೆ."

ಮಗಳು ಹೊಂದಿಕೊಂಡಳು. ಚಿತ್ರವನ್ನೆಲ್ಲ ಬಲಬದಿಗೆ ಒತ್ತರಿಸಿ, ಕತ್ತು ವಾಲಿಸಿಕೊಂಡು ಕೆಲಸ ಮಾಡತೊಡಗಿದಳು.

ಪಕ್ಕದ ಮನೆಯ ಅಕ್ಕ ಗ್ರಾಹಕರ ಸಂಘದಲ್ಲಿದ್ದಾರೆ. ನಾವು ಹೊಲಿದ ಕೋಟನ್ನು ಸರಿಮಾಡಿಸಲು ಬಂದವರು ಮಗಳು ಕೂತ ಭಂಗಿ ಕಂಡು ವಿಷಯ ಕೇಳಿ ತಿಳಿದರು.

"ಅಣ್ಣಾ, ತೋಳು ಗಿಡ್ಡ ಆಯ್ತು ಅಂತ ಕೋಟು ತಂದೆ. ತರದೆ ಊರೆಲ್ಲ ಹೇಳ್ಕೊಂಡು ತಿರುಗಿದ್ರೆ ಚೆನ್ನಾಗಿರ್ತಿತ್ತಾ?"

"ಅಯ್ಯೋ, ಬೇಡ ತಾಯಿ! ನನ್ನ ಹತ್ರಾನೇ ಬನ್ನಿ."

"ಮತ್ತೆ ಆ ಅಂಗಡಿಯವನ ಹತ್ರ ನೀವ್ಯಾಕೆ ಹೋಗಲ್ಲ?"

ಯಜಮಾನರ ಮಷಿನ್ ನಿಂತಿತು.

"ಮೂಲೇಲಿ ಸಾಸಿವೆಯಷ್ಟು ಚುಕ್ಕಿ ಇದ್ದಿದ್ರೆ ನಾನೇ ಇರ್ಲಿ ಅಂತಿದ್ದೆ," ಎಂದರು ಅಕ್ಕ. "ಅಷ್ಟಕ್ಕೆಲ್ಲ ಕೆಲವರು ಬದಲಾಯಿಸಿಯೂ ಕೊಡಲ್ಲ. ಆದ್ರೆ ಇವಳದು ಬಣ್ಣದ ಕೆಲಸ. ವೈರು ಬಿಗಿ ಮಾಡಿ ನೋಡಿದ್ಯೇನಮ್ಮಾ?"

"ನೋಡ್ದೆ ಅಕ್ಕಾ. ಗೆಳತಿ ಕಂಪ್ಯೂಟರಿಗೂ ಹಾಕ್ದೆ. ಅಲ್ಲೂ ಇದೇ ಕತೆ."

"ಹಾಗಾದ್ರೆ ಖಾಲಿ ಬಿಳಿ ಪುಟ ತೆರೆದು ಫೋಟೋ ತೆಗಿ. ಬಿಲ್ಲು, ಡಬ್ಬ ಇದೆಯಾ? ಬದಲಾಯಿಸ್ಕೊಳ್ಳೋ ಗಡುವು ಯಾವಾಗ?"

"ನಾಳೆಗೆ ಮುಗಿಯುತ್ತೆ."

ಡಬ್ಬದಲ್ಲಿ ನಾನು ಚಿಂದಿ ಬಟ್ಟೆ ತುಂಬಿದ್ದೆ. ಅಲ್ಲೇ ಸುರಿದು ಖಾಲಿ ಮಾಡಿದೆ.

ಮರುದಿನ ಯಜಮಾನರೇ ಡಬ್ಬ ಹೊತ್ತರು, ಮೂವರೂ ಅಂಗಡಿಗೆ ಹೋದೆವು. ಅಂಗಡಿಯವರು ಫೋಟೋ ನೋಡಿ ಮುಖ ಗಂಟಿಕ್ಕಿದರು. "ಇಷ್ಟಕ್ಕೆಲ್ಲ ಬದಲಾಯಿಸ್ತಾರೇನಮ್ಮಾ? ಮನೇಲಿ ಕೂತು ಹೊಲಿಯೋರಿಗೆ ಇದು ಸಾಕಲ್ವಾ?"

ಮಗಳು ದನಿ ಏರಿಸಲಿಲ್ಲ. "ಸರ್, ನಾನಿಲ್ಲಿ ಆರಿಸಿದ ಬಣ್ಣವನ್ನೇ ಮಕ್ಕಳು ಮೈಮೇಲೆ ಹಾಕ್ಕೋತಾರೆ. ಒಂದೊಂದು ತೋಳು ಒಂದೊಂದು ಬಣ್ಣ ಆದ್ರೆ ಅವರು ಯಾವ ಕಡೆ ಆಡ್ತಿದಾರೆ ಅಂತ ಅವರಿಗೇ ತಿಳಿಯಲ್ಲ."

ಅಂಗಡಿಯವರು ನಕ್ಕುಬಿಟ್ಟರು. ತಾವೇ ವೈರು ಸಿಕ್ಕಿಸಿ, ಬಿಳಿ ಪುಟ ನೋಡಿ, ಒಳಗಿನಿಂದ ಬೇರೊಂದು ಮಾನಿಟರ್ ತಂದರು. ಮಗಳು ಅದನ್ನೂ ಅಲ್ಲೇ ಹಚ್ಚಿ, ಬಿಳಿ, ಕಪ್ಪು, ನೀಲಿ, ಎಲ್ಲ ನೋಡಿ, ಆಮೇಲೆ ತಲೆಯಾಡಿಸಿದಳು.

ಪಕ್ಕದಲ್ಲಿ ಯಾರೋ ಗಿರಾಕಿ ನಿಂತಿದ್ದರು. ಅವರೇನೂ ಕೇಳಿರಲಿಲ್ಲ. ಆದರೂ ಯಜಮಾನರು ಅವರತ್ತ ತಿರುಗಿ, "ನನ್ನ ಮಗಳು," ಅಂದರು.

ಅಕ್ಕಂದಿರೇ, ಅಣ್ಣಂದಿರೇ, ವಸ್ತು ಕೊಂಡ ದಿನವೇ ಬಿಚ್ಚಿ ಪರೀಕ್ಷಿಸಿ. ಬಿಲ್ಲು, ಡಬ್ಬ ಜೋಪಾನವಾಗಿಡಿ. ಆ ದೋಷ ನಿಮ್ಮ ಕೆಲಸಕ್ಕೆ ಅಡ್ಡಿಯೇ ಎಂದು ಯೋಚಿಸಿ. ಅಡ್ಡಿಯಾದರೆ ಗಡುವಿನೊಳಗೆ ಹೋಗಿ ಮೆತ್ತಗೆ ಕೇಳಿ. ಕೇಳಿದ್ದಕ್ಕೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ನಮ್ಮ ಮನೆಯಲ್ಲಂತೂ ಒಂದು ಗೇಣು ಹೆಚ್ಚೇ ಆಗಿದೆ.